ಒಂಬತ್ತನೆಯ ತಲೆ

ಅವಳಿಗೆ ಬೋಟು ಹತ್ತುವ ಅಪ್ಪಣೆ ಇರಲಿಲ್ಲ. ಜೆಟ್ಟಿಯ ಮೇಲೆ ನಿಂತು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಮುಳುಗಲು ಹೋಗುವವರನ್ನು ಪ್ರಶ್ನೆ ಕೇಳುವುದಷ್ಟೇ ಅವಳ ಕೆಲಸ. ಬಿಸಿಲಿಗೆ ಮೈಗೆ ಏನು ಹಚ್ಚಿಕೊಳ್ಳುತ್ತೀರಿ, ಕೆಲವು ಕ್ರೀಮುಗಳಿಂದ ಹವಳಕ್ಕೆ ಕೇಡೆಂದು ಕೇಳಿದ್ದೀರಾ, ನೀರಿನಡಿ ಕಸ ಕಂಡರೆ ಮೇಲೆ ತರುತ್ತೀರಾ. ಆದರೆ ಜೆಟ್ಟಿಯ ಮೇಲೆ ಯಾರಿಗೂ ಪುರುಸೊತ್ತಿಲ್ಲ. ಹೋಗುವಾಗ ಅವಸರ, ಬರುವಾಗ ಸುಸ್ತು. ಅರ್ಧ ಉತ್ತರ ಕೊಟ್ಟು ಜಾಗ ಖಾಲಿ ಮಾಡುತ್ತಿದ್ದರು.

ಸಮೀಕ್ಷೆ ಮಾಡಿಸುತ್ತಿದ್ದ ಸಂಸ್ಥೆಯ ಮೇಲಧಿಕಾರಿಗೆ ಫೋನ್ ಮಾಡಿ ಗೋಳು ಹೇಳಿಕೊಂಡಾಗ ಅವನು, "ಬೋಟ್ ಹತ್ತಿಬಿಡಮ್ಮ. ಒಂದು ಸಲ ಮುಳುಗಿ ಎದ್ದ ಮೇಲೆ ಸುಮಾರು ಹೊತ್ತು ಸುಮ್ನೆ ಕೂತಿರ್ತಾರೆ, ಆಗ ಕೇಳು. ನಾನು ಹೇಳ್ದೆ ಅಂತ ಮಾತ್ರ ಎಲ್ಲೂ ಬಾಯಿ ಬಿಡ್ಬೇಡ," ಎಂದ.

ಬೋಟು ಅಣ್ಣತಮ್ಮಂದಿರಿಬ್ಬರದು. ಅಣ್ಣ ಬೋಟು ನಡೆಸುತ್ತಿದ್ದ. ತಮ್ಮ ಜನರನ್ನು ಕರೆದುಕೊಂಡು ನೀರಿಗಿಳಿಯುತ್ತಿದ್ದ. ಅಣ್ಣನ ಹೆಂಡತಿ ದಡದ ಶೆಡ್ಡಿನಲ್ಲಿ ಸಿಲಿಂಡರುಗಳಿಗೆ ಗಾಳಿ ತುಂಬುತ್ತಿದ್ದಳು. ಅವಳನ್ನು ಇಡೀ ಜೆಟ್ಟಿಯೇ ಅತ್ತಿಗೆ ಎಂದು ಕರೆಯುತ್ತಿತ್ತು. ಸಮೀಕ್ಷೆಯವಳನ್ನು ಹತ್ತಿಸಿಕೊಳ್ಳಲು ಅಣ್ಣ ಮೊದಲು ಒಪ್ಪಲಿಲ್ಲ. ಅತ್ತಿಗೆಯೇ ಅಡ್ಡ ಬಂದು, "ಪಾಪ, ಒಂದು ಮೂಲೇಲಿ ಕೂತಿರ್ತಾಳೆ ಬಿಡ್ರೀ. ಅವಳೇನು ನಿಮ್ಮ ಸಿಲಿಂಡರ್ ಗಾಳಿ ಕುಡೀತಾಳಾ?" ಎಂದಳು. ತಮ್ಮ ನಕ್ಕು, ಕೈ ಕೊಟ್ಟು ಹತ್ತಿಸಿಕೊಂಡ. ಹತ್ತಿದವರ ಪಟ್ಟಿಯಲ್ಲಿ ಅವಳನ್ನು ಸೇರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆ ದಿನ ಮುಳುಗಲು ಬಂದವರು ಒಂಬತ್ತು ಜನ. ಎಲ್ಲರೂ ಜೋಡಿಯಾಗಿಯೋ ಗುಂಪಾಗಿಯೋ ಬಂದಿದ್ದರು, ಒಬ್ಬ ನಿವೃತ್ತ ಬಸ್ ಡ್ರೈವರನನ್ನು ಬಿಟ್ಟು. ವಯಸ್ಸಾದ ಮೇಲೆ ಈಜು ಕಲಿತು, ಆಮೇಲೆ ಇದನ್ನೂ ಕಲಿತವನು. ನೀರಿನಡಿ ಒಬ್ಬರನ್ನೊಬ್ಬರು ನೋಡಿಕೊಳ್ಳಲೆಂದು ಅವನಿಗೆ ಒಬ್ಬ ಬ್ಯಾಂಕಿನ ಹುಡುಗನನ್ನು ಜೊತೆಗಾರನನ್ನಾಗಿ ಗೊತ್ತುಮಾಡಿದರು. ಮೊದಲ ಸಲ ಮುಳುಗಿ ಎದ್ದು ಎಲ್ಲರೂ ಬಿಸ್ಕತ್ತು, ಬಾಳೆಹಣ್ಣು ತಿನ್ನುತ್ತ ಕೂತಾಗ ಅವಳು ಡ್ರೈವರನ ಪಕ್ಕಕ್ಕೆ ಹೋದಳು.

"ಬಿಸಿಲಿಗೆ ಏನು ಹಚ್ಕೋತೀರಿ ಅಂಕಲ್?"

ಅವನು ಎರಡೂ ತೋಳು ಚಾಚಿ ತೋರಿಸಿದ. ಒಂದು ಇನ್ನೊಂದಕ್ಕಿಂತ ಎರಡು ಪಟ್ಟು ಕಪ್ಪು. "ಇದು ಕಿಟಕಿ ಕಡೆ ಕೈ. ಎರಡೂ ಒಬ್ಬನವೇ ಅಂದ್ರೆ ಯಾರೂ ನಂಬಲ್ಲ. ಇನ್ನು ಈಗ ಕ್ರೀಮ್ ಹಚ್ಚಿ ಯಾರಿಗೆ ತೋರಿಸ್ಲಿ? ತುಂಬುತೋಳಿನ ಅಂಗಿ ಹಾಕ್ಕೋತೀನಿ, ಅಷ್ಟೇ."

"ನೀರಲ್ಲಿ ಕಸ ಕಂಡ್ರೆ?"

"ಬಸ್ಸಲ್ಲಿ ಕಡಲೆಕಾಯಿ ಸಿಪ್ಪೆ ಹಾಕಿದೋರ ಕೈಲೇ ಗುಡಿಸಿ ಇಳಿಸಿದೋನು ನಾನು. ಬಿಡ್ತೀನಾ? ಈಗ ಕೆಳಗೆ ಒಂದು ಹರಿದ ಬಲೆ ನೋಡ್ಕೊಂಡು ಬಂದಿದೀನಿ, ಹವಳಕ್ಕೆ ಸುತ್ಕೊಂಡಿದೆ. ಮುಂದಿನ ಸಲ ಬಿಡಿಸ್ಕೊಂಡು ಬರ್ತೀನಿ, ನೋಡ್ತಿರಿ."

"ಹಾಗಾದ್ರೆ ಹೌದು ಅಂತ ಬರ್ಕೋತೀನಿ," ಎಂದು ಅವಳು ನಕ್ಕಳು.

ಅವನು ಅವಳ ಕುತ್ತಿಗೆಯನ್ನೇ ನೋಡುತ್ತಿದ್ದ. "ಊರೋರಿಗೆಲ್ಲ ಬಿಸಿಲಿನ ಪಾಠ ಹೇಳ್ತೀರಲ್ಲಮ್ಮ, ನಿಮ್ಮ ಕುತ್ತಿಗೆ ಸುಟ್ಟ ಬದನೆಕಾಯಿ ಆಗಿದೆ." ಚೀಲಕ್ಕೆ ಕೈಹಾಕಿ ಮುಳುಗುವವರು ತೊಡುವ ಇನ್ನೊಂದು ಕಪ್ಪು ಅಂಗಿ ತೆಗೆದುಕೊಟ್ಟ. ಅವಳು ಬೇಡವೆಂದಳು. "ನನ್ನ ಮಗಳಿಗೂ ಹೀಗೇ ಹೇಳ್ಬೇಕು, ಒಂದು ಮಾತಿಗೆ ಕೇಳೋಳಲ್ಲ. ಹಾಕ್ಕೊಳ್ಳಿ," ಎಂದು ಗದರಿದ. ಅವಳು ತಲೆಯ ಮೇಲಿಂದ ಅದನ್ನು ಎಳೆದುಕೊಂಡಳು. ಎಲ್ಲರೂ ಮತ್ತೆ ನೀರಿಗಿಳಿದರು.

ಅವರು ಕೆಳಗಿದ್ದಾಗ ಗಾಳಿ ಎದ್ದಿತು. ಬೋಟು ತೊಟ್ಟಿಲಿನಂತೆ ತೂಗತೊಡಗಿ ಅವಳ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು. ಕಟಕಟೆ ಹಿಡಿದು ಬಗ್ಗಿದವಳು ಮತ್ತೆ ನೆಟ್ಟಗೆ ಕೂರಲೇ ಇಲ್ಲ. ಅಷ್ಟರಲ್ಲಿ ಒಬ್ಬೊಬ್ಬರಾಗಿ ಮೇಲೆ ಬಂದರು. ಬ್ಯಾಂಕಿನ ಹುಡುಗನಿಗೆ ನೀರಿನಡಿ ಕಿವಿ ನೋವಾಗಿ, ಡ್ರೈವರನಿಗೆ ಕೈಸನ್ನೆ ಮಾಡಿ ಬೇರೆ ಇಬ್ಬರ ಜೊತೆ ಮೊದಲೇ ಎದ್ದುಬಂದಿದ್ದ. ಡ್ರೈವರ್ ತಮ್ಮನ ಜೊತೆ ಬರುತ್ತಾನೆಂದು ಇವನು ತಿಳಿದ. ಡ್ರೈವರ್ ಇವನ ಜೊತೆ ಹೋಗಿದ್ದಾನೆಂದು ತಮ್ಮ ತಿಳಿದ. ಬೋಟಿನ ಮೇಲೆ ಎಲ್ಲರದೂ ಕಪ್ಪು ಬಟ್ಟೆ, ಎಲ್ಲರೂ ಚಳಿಗೆ ಮುದುಡಿ ಕೂತವರೇ. ತಮ್ಮ ಒಬ್ಬೊಬ್ಬರ ಭುಜ ತಟ್ಟುತ್ತ ಎಣಿಸಿಕೊಂಡು ಬಂದ. ಕೊನೆಗೆ ಅವಳ ಭುಜದ ಮೇಲೂ ಕೈ ಬಿತ್ತು. "ಸರಿ ಇದ್ದೀರಾ?"

"ಹ್ಞಾಂ," ಎಂದಳು ಅವಳು, ತಲೆ ಎತ್ತದೆ.

"ಒಂಬತ್ತು! ಹೊರಡು ಅಣ್ಣಾ!"

ಬೋಟು ಹೊರಟಿತು.

ದಡ ಸೇರಿ ಎಲ್ಲರೂ ಬಟ್ಟೆ ಬದಲಿಸಿ ಹೋದ ಮೇಲೆ ಅತ್ತಿಗೆ ಶೆಡ್ಡಿನ ಬಾಗಿಲಲ್ಲಿ ನಿಂತು, "ಇದ್ಯಾರ ಚಪ್ಪಲಿ, ಬಿಟ್ಟು ಹೋಗಿದಾರೆ?" ಎಂದು ಕೂಗಿದಳು. ಸಮೀಕ್ಷೆಯವಳು ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಚಪ್ಪಲಿ ನೋಡಿದಳು. ಪಕ್ಕದಲ್ಲೇ, ಬೋಟಿನಿಂದ ಯಾರೋ ಇಳಿಸಿಟ್ಟಿದ್ದ ಡ್ರೈವರನ ಚೀಲ. ಮೈಮೇಲಿನ ಅಂಗಿ ನೋಡಿಕೊಂಡಳು. ಎದ್ದು ತಮ್ಮನ ಮುಂದೆ ಹೋಗಿ ನಿಂತಳು. ತಮ್ಮ ಅವಳ ಮುಖ ನೋಡಿದ, ಅಂಗಿ ನೋಡಿದ. ಅಣ್ಣ ಅವನ ರಟ್ಟೆ ಹಿಡಿದು ಬೋಟಿಗೆ ತಳ್ಳಿದ.

ಅವಳೂ ಹೋದಳು. ಹೋಗಬೇಡವೆನ್ನಲು ಯಾರಿಗೂ ತೋಚಲಿಲ್ಲ. ಹವಳದ ದಿಬ್ಬದ ಮೇಲೆ ನೀರು ಬೂದು ಬಣ್ಣಕ್ಕೆ ತಿರುಗಿತ್ತು. ಅಣ್ಣ ಮತ್ತೆ ಮತ್ತೆ ಹಾರ್ನ್ ಒತ್ತಿದ. ತಮ್ಮ ಮುಳುಗಿ ಎದ್ದ, ಮತ್ತೆ ಮುಳುಗಿದ, ಕೊನೆಗೆ ಅವನನ್ನೇ ಎಳೆದು ಹಾಕಿಕೊಳ್ಳಬೇಕಾಯಿತು. ಕತ್ತಲಾಗುವ ತನಕ ಕೂಗಿ ಕೂಗಿ ಮೂವರ ಗಂಟಲೂ ಕಟ್ಟಿಹೋಯಿತು.

ಮರುದಿನ ಕರಾವಳಿ ಕಾವಲು ಪಡೆಯ ದೊಡ್ಡ ಬೋಟುಗಳು ಬಂದವು. ಗಾಳಿ ಪೂರ್ತಿ ನಿಂತುಹೋಗಿತ್ತು. ಆಕಾಶದಲ್ಲಿ ಬೊಗಸೆ ಮೋಡವೂ ಇರಲಿಲ್ಲ, ದಿನವಿಡೀ ಕೆಂಡದಂಥ ಬಿಸಿಲು. ಅದರ ಮಾರನೆಯ ಬೆಳಿಗ್ಗೆ ಬಹಳ ದೂರದಲ್ಲಿ ಮೀನಿನ ದೋಣಿಯವರಿಗೆ ಅವನು ಸಿಕ್ಕ. ಸಿಲಿಂಡರ್ ಕಟ್ಟುವ, ಗಾಳಿ ತುಂಬಿದ ಜಾಕೆಟ್ಟು ಅವನನ್ನು ತೇಲಿಸಿಯೇ ಇಟ್ಟಿತ್ತು. ಸೊಂಟಕ್ಕೆ ಬಲೆಯ ಒಂದು ಮುದ್ದೆ ಕಟ್ಟಿಕೊಂಡಿದ್ದ. ತುಟಿ, ಕಣ್ಣು ಊದಿ ಮುಖ ಸುಲಿದಿತ್ತು. ಮುಳುಗಿ ಸತ್ತದ್ದಲ್ಲ, ಆ ಬಿಸಿಲನ್ನು ಬಹುಪಾಲು ಜೀವಂತವಾಗಿಯೇ ಉಂಡಿದ್ದಾನೆ ಎಂದರು ಡಾಕ್ಟರು.

ವಿಚಾರಣೆಯ ಹಿಂದಿನ ದಿನ ಮೇಲಧಿಕಾರಿ ಫೋನ್ ಮಾಡಿದ. "ವಾಂತಿ ಆಗ್ತಿತ್ತು, ಏನೂ ಗೊತ್ತಾಗ್ಲಿಲ್ಲ ಅಂದ್ಬಿಡು. ಸಂಸ್ಥೆ ಹೆಸರು ಎಳೀಬೇಡ." ಸಂಜೆ ಅತ್ತಿಗೆ ಅವಳ ಬಾಡಿಗೆ ಕೋಣೆಗೆ ಬಂದಳು. ಕೂರಿ ಎಂದರೂ ಕೂರಲಿಲ್ಲ.

"ಬೋಟಲ್ಲಿ ಅವನು ಭುಜ ತಟ್ಟಿ ಕೇಳ್ದಾಗ ನೀನು ಉತ್ತರ ಕೊಟ್ಟೆ ಅಲ್ವಾ? ಅದೊಂದು ಹೇಳಮ್ಮ. ನನ್ನ ಮೈದುನ ಅನ್ನ ಮುಟ್ತಿಲ್ಲ. ತಪ್ಪು ಅವನೊಬ್ಬಂದೇ ಅಲ್ಲ ಅಂತ ಆಗ್ಲಿ."

"ಹೇಳ್ತೀನಿ ಅತ್ತಿಗೆ."

"ನಾನೇ ಅಲ್ವಾ ನಿನ್ನ ಹತ್ತಿಸ್ದೋಳು," ಎಂದು ಅತ್ತಿಗೆ ಗೋಡೆಗೆ ಹೇಳಿದಂತೆ ಹೇಳಿ ಹೋದಳು.

ಬಂದರಿನ ಕಚೇರಿಯ ದೊಡ್ಡ ಕೋಣೆಯಲ್ಲಿ ಫ್ಯಾನು ಕಟಕಟ ಸದ್ದು ಮಾಡುತ್ತಿತ್ತು. ಡ್ರೈವರನ ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಹೆಚ್ಚುಕಡಿಮೆ ಸಮೀಕ್ಷೆಯವಳದೇ ವಯಸ್ಸು. ಮೊದಲು ತಮ್ಮನನ್ನು ಕೇಳಿದರು.

"ಮುಖ ನೋಡ್ಲಿಲ್ಲ ಸರ್," ಎಂದ ಅವನು. "ತಲೆ ಎಣಿಸ್ದೆ."

ಅವಳ ಸರದಿ ಬಂದಾಗ ಅವಳು ಏನನ್ನೂ ಬಿಡದೆ ಹೇಳಿದಳು. ಬೋಟು ಹತ್ತು ಎಂದದ್ದು ಯಾರು, ಅಂಗಿ ಯಾರದು, ಬಲೆಯ ಮಾತು ಹೇಗೆ ಬಂತು, ಭುಜದ ಮೇಲೆ ಕೈ ಬಿದ್ದಾಗ ತಾನು ಅಂದದ್ದು ಏನು. "ಹ್ಞಾಂ ಅಂದೆ," ಎನ್ನುವಾಗ ಅಧಿಕಾರಿಗೆ ಕೇಳಿಸದೆ ಇನ್ನೊಮ್ಮೆ ಹೇಳಬೇಕಾಯಿತು.

ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ತಮ್ಮನ ಪರವಾನಗಿ ಕಿತ್ತುಕೊಂಡರು, ಅವನ ಮೇಲೆ ಮೊಕದ್ದಮೆಯೂ ಬಿತ್ತು. ಅಣ್ಣ ಬೋಟು ಮಾರಿದ. ಅವಳು ನಮ್ಮ ಮಾತು ಮೀರಿ ಹೋದವಳು ಎಂದು ಸಂಸ್ಥೆ ಕೈ ತೊಳೆದುಕೊಂಡಿತು. ಸಮೀಕ್ಷೆ ಬೇರೆ ಜೆಟ್ಟಿಯಲ್ಲಿ, ಬೇರೊಬ್ಬಳಿಂದ ಮುಂದುವರಿಯಿತು.

ವಿಚಾರಣೆ ಮುಗಿದ ದಿನ ಕಚೇರಿಯ ಹೊರಗಿನ ಬಸ್ ನಿಲ್ದಾಣದಲ್ಲಿ ಡ್ರೈವರನ ಮಗಳು ಒಬ್ಬಳೇ ನಿಂತಿದ್ದಳು. ಸಮೀಕ್ಷೆಯವಳು ಹತ್ತಿರ ಹೋದಳು.

ಮಗಳೇ ಮೊದಲು ಕೇಳಿದಳು. "ಅಪ್ಪ ಆವತ್ತು ಏನಾದ್ರೂ ತಿಂದಿದ್ರಾ?"

"ಬಾಳೆಹಣ್ಣು. ಬಿಸ್ಕತ್ತು."

"ಎಷ್ಟು?"

ಅವಳಿಗೆ ನೆನಪಿರಲಿಲ್ಲ. "ನಾನು ನೋಡ್ಲಿಲ್ಲ," ಎಂದಳು.

ಮಗಳು ತಲೆಯಾಡಿಸಿದಳು. ಬಸ್ಸು ಬಂತು. ಅವಳು ಹತ್ತಿ, ಸಮೀಕ್ಷೆಯವಳು ನಿಂತ ಕಡೆಯ ಕಿಟಕಿ ಬಿಟ್ಟು, ಆಚೆ ಬದಿಯ ಸೀಟಿನಲ್ಲಿ ಕೂತಳು.