ಎಣ್ಣಿ ಅಲ್ಲ, ವಿಷ

ಹಂಸಭಾವಿಯ ಅನ್ನವ್ವನ ಹಿತ್ತಲು ನಾಲ್ಕು ಹೆಜ್ಜೆ ಅಗಲ. ಬಚ್ಚಲ ಗೋಡೆಗೆ ಸೇವಂತಿಗೆ, ಅದರ ಬುಡದಲ್ಲೇ ಮೆಂತೆ, ರಾಜಗಿರಿ ಸೊಪ್ಪು. ಮೂಲೆಯ ಒಡೆದ ಕೊಡದಲ್ಲಿ ಲೋಳಸರ. ಸೊಸೆ ನೇತ್ರಾ ಆರು ತಿಂಗಳ ಗರ್ಭಿಣಿ. ರಕ್ತ ಕಡಿಮೆಯಿದೆ, ಮಾತ್ರೆಯ ಜೊತೆ ದಿನಾ ಸೊಪ್ಪು ತಿನ್ನಲಿ ಎಂದು ಆಶಾ ಕಾರ್ಯಕರ್ತೆ ನಾಗರತ್ನಾ ಹೇಳಿದ ಮೇಲೆಯೇ ಅನ್ನವ್ವ ಈ ಸೊಪ್ಪಿನ ಮಡಿ ಮಾಡಿದ್ದು.

ಆ ಸಂಜೆ ನಾಗರತ್ನಾಗೆ ಅದು ಒಂಬತ್ತನೆಯ ಮನೆ. ಕಾಲು ಸೋತಿದ್ದವು. ಅನ್ನವ್ವನೂ ಹೊಲದಿಂದ ಬಂದು ಗೋಡೆಗೆ ಒರಗಿದ್ದಳು. ನೇತ್ರಾ ಮೊರದಲ್ಲಿ ಮೆಂತೆ ಸೋಸುತ್ತಿದ್ದಳು. ಮಾತ್ರೆ ಕೊಡಲು ಬಗ್ಗಿದ ನಾಗರತ್ನಾಗೆ ಆ ಸೊಪ್ಪಿನಿಂದ ಔಷಧ ಹೊಡೆಯುವ ಪಂಪಿನ ವಾಸನೆ ಬಂತು.

ಕೇಳಿದರೆ ಅನ್ನವ್ವ ಮುಚ್ಚಿಡಲಿಲ್ಲ. ಸೇವಂತಿಗೆಗೆ ಗಿಡಹೇನು ಹತ್ತಿತ್ತು. ಗಂಡ ಮಹಾಲಿಂಗಪ್ಪ ನಿನ್ನೆ ಗೋವಿನಜೋಳಕ್ಕೆ ಹೊಡೆದ ಕೀಟನಾಶಕ, ಊರಿನವರ ಬಾಯಲ್ಲಿ 'ಎಣ್ಣಿ', ಪಂಪಿನಲ್ಲಿ ಉಳಿದಿತ್ತು. ಹೊಲದಿಂದ ದಣಿದು ಬಂದವಳು ಅದನ್ನು ಚೆಲ್ಲಲು ಮನಸ್ಸಾಗದೆ ಹೂವಿಗೆ ಹೊಡೆದಿದ್ದಳು.

"ಹೂವಿಗಷ್ಟ ಎಣ್ಣಿ ಹೊಡದೇನಿ. ಮೆಂತೆ ಪಲ್ಯಾಕ್ಕ ಹೊಡದಿಲ್ಲ."

"ಹೂವು ಯಾವ್ದು, ಪಲ್ಯಾ ಯಾವ್ದು ಅಂತ ಗಾಳಿಗೆ ಗೊತ್ತೈತೇನ್ರಿ, ಅನ್ನವ್ವಾರ?"

"ತೊಳದ್ರ ಹೋಗತೈತಿ ಬಿಡವ್ವಾ. ನಾಕ್ ಹನಿ ಎಣ್ಣಿ."

ನಾಗರತ್ನಾ ಅಲ್ಲೇ ಕುಳಿತಳು. "ಒಗ್ಗರಣಿಗೆ ಹಾಕೂದೂ ಎಣ್ಣಿ, ತಲಿಗೆ ಹಚ್ಚೂದೂ ಎಣ್ಣಿ, ಇದೂ ಎಣ್ಣಿ. ಹಂಗ ಕರದು ಕರದು ನಮಗ ಅಂಜಿಕೀನ ಹೋಗೇತಿ. ಡಬ್ಬಿ ತಂದು ನೋಡ್ರಿ."

ಅನ್ನವ್ವ ತಂದಳು. ಓದಲು ಬಾರದು. ತಲೆಬುರುಡೆಯ ಚಿತ್ರ ಮಾತ್ರ ಗುರುತಾಯಿತು.

ಅನ್ನವ್ವ ತಟ್ಟನೆ ಎದ್ದಳು. ಸೊಸೆಯ ಕೈಯಿಂದ ಮೊರ ಕಸಿದುಕೊಂಡು, ಸೋಪು ಹಚ್ಚಿ ಕೈ ತೊಳೆದುಕೋ ಎಂದಳು. ತಿಂಗಳು ನೀರುಣಿಸಿದ ಮಡಿಯನ್ನೆಲ್ಲ ತಾನೇ ಕಿತ್ತು, ಆಡು ಮೇಯದಂತೆ ಗುಂಡಿ ತೋಡಿ ಮುಚ್ಚಿದಳು. ಸೇವಂತಿಗೆಯನ್ನೂ ಆ ವಾರ ಯಾರೂ ಮುಡಿಯಲಿಲ್ಲ.

ಹೇನಿಗೆ ಬರೀ ನೀರು ಜೋರಾಗಿ ಚಿಮುಕಿಸಿ, ಹತ್ತಿದ ಕುಡಿ ಚಿವುಟಿದರೆ ಸಾಕೆಂದು ನಾಗರತ್ನಾ ಹೇಳಿದಳು. ಸೊಪ್ಪು ಬೆಳೆಯಲು ಖಾಲಿ ಅಕ್ಕಿ ಚೀಲ, ಹೊಸ ಮಣ್ಣು, ಬೇರೆ ಮೂಲೆ. ಅದು ಬರುವತನಕ ನೇತ್ರಾಗೆ ನುಗ್ಗೆಸೊಪ್ಪು. ಲೋಳಸರಕ್ಕೆ ಏನೂ ಹೊಡೆಯುವುದು ಬೇಡ, ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಹಾಕಿದರಾಯಿತು.

ಚೀಲದಲ್ಲಿ ಮೆಂತೆ ಎರಡೆಲೆ ಬಿಟ್ಟ ದಿನ ಮಹಾಲಿಂಗಪ್ಪ ಹೊಲಕ್ಕೆ ಹೊರಟು, ಎಣ್ಣಿ ಎಲ್ಲಿ ಎಂದು ಕೇಳಿದ.

"ಎಣ್ಣಿ ಅಡಗಿ ಮನ್ಯಾಗೈತಿ," ಎಂದಳು ಅನ್ನವ್ವ. "ನಿಮ್ಮ ವಿಷ ದನದ ಮನ್ಯಾಗ, ಟ್ರಂಕಿನ್ಯಾಗ ಐತಿ. ಕೀಲಿ ನನ್ನ ಹತ್ರ."

ಅಕ್ಕಂದಿರೇ, ಹಿತ್ತಲಲ್ಲಿ ಹೂವು, ಸೊಪ್ಪು, ಲೋಳಸರ ಬೆಳೆಯಿರಿ. ಹೊಲದ ಔಷಧದ ಒಂದು ಹನಿಯೂ ಆ ಕಡೆ ಬಾರದಿರಲಿ. ದಣಿದು ಬಂದ ಹೊತ್ತಿನಲ್ಲೇ ಇಂಥ ತಪ್ಪು ಆಗುವುದು. ಆದ್ದರಿಂದ ದಣಿಯುವ ಮೊದಲೇ ಆ ಡಬ್ಬಿಗೆ ಕೀಲಿ ಹಾಕಿ. ಇವತ್ತಿನಿಂದ ಅದನ್ನು ಅದರ ನಿಜವಾದ ಹೆಸರಿನಿಂದಲೇ ಕರೆಯಿರಿ.