ಇಸ್ತ್ರಿಗೆ ಮುಂಚಿನ ಗಂಜಿ, ಹೆರಿಗೆಗೆ ಮುಂಚಿನ ಮದ್ದು

ಬೀದಿಯವರೆಲ್ಲ ಇಸ್ತ್ರಿ ಅಮ್ಮ ಎಂದು ಕರೆಯುವ ಆ ಹೆಂಗಸಿಗೆ ಈ ಜಗತ್ತಿನಲ್ಲಿ ಇದ್ದದ್ದು ಒಬ್ಬನೇ ಶತ್ರು: ಕಲೆ. ಎಣ್ಣೆಯದಾಗಲಿ, ಶಾಯಿಯದಾಗಲಿ, ತುಕ್ಕಿನದಾಗಲಿ, ಕಂಡ ಕೂಡಲೇ ನೆನೆಹಾಕಬೇಕು, ಉಜ್ಜಬೇಕು, ಕುದಿಸಬೇಕು. ತಡಮಾಡಿದರೆ ಅದು ಕೂತುಬಿಡುತ್ತದೆ. ಅವರ ಮನೆಯೇ ಲಾಂಡ್ರಿ: ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು, ಹಿಂದಿನ ಕೋಣೆಯಲ್ಲಿ ಹಬೆಯಾಡುವ ಹಂಡೆ, ಮೇಲೆ ಹಗ್ಗಗಳ ಸಾಲು. ಬೆಳಗ್ಗೆ ದೇವರಿಗೆ ಕೈಮುಗಿದು, ಚಿಕ್ಕಂದಿನಲ್ಲಿ ಕೇಳಿ ಕಲಿತ ಪದ್ಯ ಗುನುಗುತ್ತ ಇಸ್ತ್ರಿಪೆಟ್ಟಿಗೆ ತಳ್ಳಿದರೆ, ಪದ್ಯದ ಒಂದು ಸಾಲು ಮುಗಿಯುವಾಗ ಅಂಗಿಯ ಒಂದು ತೋಳು ಮುಗಿಯುತ್ತಿತ್ತು, ಪದ್ಯ ಮುಗಿಯುವಾಗ ಇಡೀ ಅಂಗಿ.

ಅಂಥ ಮನೆಗೆ ದಿನ ತುಂಬುತ್ತಿದ್ದ ಸೊಸೆ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬಂದು, ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು.

"ಅತ್ತೆ, ಹೋದ ವಾರ ಒಂದು ಟೆಸ್ಟ್ ಮಾಡಿದ್ರಲ್ಲ, ಅದ್ರಲ್ಲಿ ಏನೋ ರೋಗಾಣು ಇದೆ ಅಂತ ಬಂದಿದೆ. ಗ್ರೂಪ್ ಬಿ ಸ್ಟ್ರೆಪ್ ಅಂತೆ."

ಇಸ್ತ್ರಿಪೆಟ್ಟಿಗೆ ಗಾಳಿಯಲ್ಲೇ ನಿಂತಿತು.

"ರೋಗಾಣುವಾ? ಈ ಮನೇಲಾ? ಊರಿಗೆ ಊರೇ ಹೊದೆಯೋ ಚಾದರ ಕುದಿಸೋ ಮನೇಲಿ?"

"ಹೆರಿಗೆ ನೋವು ಶುರುವಾದಾಗ ಮದ್ದು ಕೊಡ್ತಾರಂತೆ."

"ಆಗ ಯಾಕೆ, ಈಗ್ಲೇ ಕೊಡ್ಲಿ! ಕಲೆ ಕಂಡಿರೋದು ಇವತ್ತು, ಒಗೆಯೋದು ಮುಂದಿನ ತಿಂಗಳಾ?"

ಬಟ್ಟೆಯ ಗಂಟು ಕಟ್ಟುತ್ತಿದ್ದ ಮಗ ತಲೆಯೆತ್ತಿದ. ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲವೆಂದು ಗಿರಾಕಿಗಳು ಅವನಿಗೆ ರೇಡಿಯೊ ಎಂದೇ ಹೆಸರಿಟ್ಟಿದ್ದರು. "ಅಮ್ಮ, ಡಾಕ್ಟರನ್ನೇ ಹಂಡೆಗೆ ಹಾಕಿ ಒಂದು ಕುದಿ ಬರಿಸೋಣ್ವಾ?"

"ಮೊದಲು ನಿನ್ನ ನಾಲಗೆ ಕುದಿಸ್ತೀನಿ, ನಿಲ್ಲು!"

ಆ ದಿನ ಹಂಡೆಗೆ ಬಿಡುವೇ ಸಿಗಲಿಲ್ಲ. ಸೊಸೆಯ ಬಟ್ಟೆ, ಹಾಸಿಗೆ, ಪರದೆ, ಕೊನೆಗೆ ಹುಟ್ಟಲಿರುವ ಮಗುವಿನ ಟೋಪಿಯನ್ನೂ ಇಸ್ತ್ರಿ ಅಮ್ಮ ಕುದಿಸಿದರು. ಟೋಪಿ ಕುಗ್ಗಿ ನಿಂಬೆಹಣ್ಣಿನ ಗಾತ್ರಕ್ಕೆ ಬಂತು. ಅಷ್ಟಾದರೂ ಮನಸ್ಸಿಗೆ ಸಮಾಧಾನವಿಲ್ಲ. ಮಗನ ಕೆಮ್ಮಿಗೆ ತಂದು ಉಳಿದಿದ್ದ ಮಾತ್ರೆಗಳು ಕಪಾಟಿನಲ್ಲಿದ್ದವು. ಅವನ್ನು ಸೊಸೆಯ ಅಂಗೈಗೆ ಹಾಕಿ, ನೀರಿನ ಲೋಟ ಹಿಡಿಸಿದರು.

"ನುಂಗಮ್ಮ. ಒಗೆಯೋದು ಅವರು ಒಗೀಲಿ, ನಾನು ನೆನೆಹಾಕಿರ್ತೀನಿ."

"ಅಯ್ಯಯ್ಯೋ, ತಡೀರಿ!" ಎಂದಿತು ಬಾಗಿಲಲ್ಲಿ ಒಂದು ದನಿ. ಹೆರಿಗೆ ವಾರ್ಡಿನ ನರ್ಸು. ಇಸ್ತ್ರಿಗೆ ಕೊಟ್ಟಿದ್ದ ಕೋಟು ತೆಗೆದುಕೊಂಡು ಹೋಗಲು ಬಂದವಳು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, ಮಾತ್ರೆಗಳನ್ನು ಕಿತ್ತುಕೊಂಡಳು.

"ಇನ್ಯಾರದ್ದೋ ಉಳಿದ ಮಾತ್ರೆ ಬಸುರಿಗೆ ಕೊಡ್ತಾರಾ ಅಮ್ಮ?"

"ಮತ್ತೇನು ಮಾಡ್ಲಿ ನರ್ಸಮ್ಮ? ನಮ್ಮ ಮನೆಗೆ ಕೊಳಕು ಅಂಟಿಬಿಡ್ತು!" ಎಂದರು ಇಸ್ತ್ರಿ ಅಮ್ಮ.

"ಯಾರಂದ್ರು ಕೊಳಕು ಅಂತ? ಇದು ಗಂಡನಿಂದ ಬಂದಿದ್ದೂ ಅಲ್ಲ, ಕೊಳೆಯಿಂದ ಬಂದಿದ್ದೂ ಅಲ್ಲ. ಎಷ್ಟೋ ಹೆಂಗಸರ ಕರುಳಲ್ಲಿ, ಹೆರಿಗೆಯ ದಾರಿಯಲ್ಲಿ ಸುಮ್ನೆ ಇರುತ್ತೆ, ಬರುತ್ತೆ, ಹೋಗುತ್ತೆ. ಅವರಿಗೇ ಗೊತ್ತಿರಲ್ಲ. ನನ್ನ ಮಗಳು ಹುಟ್ಟುವಾಗ ನನಗೂ ಇತ್ತು."

"ನಿಮಗಾ? ಆ ಹಾಲಿನಂಥ ಕೋಟಿನೊಳಗಾ?"

ಸೊಸೆಗೆ ಆ ದಿನ ಮೊದಲ ಸಲ ನಗು ಬಂತು. "ಹಾಗಾದ್ರೆ ಹೆದರಬೇಕಾಗಿಲ್ವಾ ಅಕ್ಕ?"

"ನಿನಗೆ ಸಾಮಾನ್ಯವಾಗಿ ಏನೂ ಆಗಲ್ಲ ತಂಗಿ. ಹುಟ್ಟೋವಾಗ ಮಗುವಿಗೆ ಅಂಟಬಹುದು. ಹೆಚ್ಚಿನ ಮಕ್ಕಳು ಚೆನ್ನಾಗೇ ಇರ್ತಾರೆ. ಆದ್ರೆ ಕೆಲವರಿಗೆ ರಕ್ತಕ್ಕೆ, ಶ್ವಾಸಕೋಶಕ್ಕೆ, ಮಿದುಳಿನ ಪೊರೆಗೆ ನಂಜೇರುತ್ತೆ. ಜೀವಕ್ಕೇ ಸಂಚಕಾರ. ಅದನ್ನ ತಡೆಯೋಕೇ ಮದ್ದು."

"ಅದನ್ನೇ ಈಗ ಕೊಡಿ ಅಂತಿದ್ದೀನಿ ನಾನು!"

ನರ್ಸು ತನ್ನ ಕೋಟು ಎತ್ತಿ ಹಿಡಿದಳು. "ಇದಕ್ಕೆ ಗಂಜಿ ಯಾವಾಗ ಹಾಕಿದ್ರಿ ಅಮ್ಮ?"

"ಇಸ್ತ್ರಿಗೆ ಸ್ವಲ್ಪ ಮುಂಚೆ."

"ಹೋದ ತಿಂಗಳೇ ಹಾಕಿಟ್ಟಿದ್ರೆ?"

"ಅಷ್ಟರಲ್ಲಿ ನಾಲ್ಕು ಒಗೆತ ಆಗಿರುತ್ತೆ, ಗಂಜಿ ಎಲ್ಲಿ ನಿಂತಿರುತ್ತೆ? ಯಾರಾದ್ರೂ ಹಾಗೆ..." ಎಂದವರು ಅರ್ಧಕ್ಕೇ ನಿಂತರು. ಸೊಸೆಯನ್ನು ನೋಡಿದರು. ಕೋಟು ನೋಡಿದರು. "ಓ!"

"ಅಷ್ಟೇ ಅಮ್ಮ. ಈಗ ಕೊಟ್ರೆ ರೋಗಾಣು ಹೋಗಿ, ಹೆರಿಗೆ ಹೊತ್ತಿಗೆ ಮತ್ತೆ ಬಂದು ಕೂತಿರಬಹುದು. ನೋವು ಬಂದಾಗ, ಇಲ್ಲಾ ಮಗುವಿನ ಸುತ್ತ ಇರೋ ನೀರಿನ ಚೀಲ ಒಡೆದಾಗ, ನರಕ್ಕೆ ಡ್ರಿಪ್ಪಿನಲ್ಲಿ ಮದ್ದು ಹಾಕ್ಬೇಕು. ಮಗು ಬರೋ ನಾಲ್ಕು ಗಂಟೆ ಮುಂಚೆಯಾದ್ರೂ ಒಳಗೆ ಹೋಗಿದ್ರೆ ಒಳ್ಳೇದು. ಅದಕ್ಕೇ ಮನೇಲಿ ಕಾಯಬೇಡಿ. ಆಸ್ಪತ್ರೆ ಮೆಟ್ಟಿಲು ಹತ್ತಿದ ಕೂಡ್ಲೇ ಹೇಳಿ. ನಾನಿಲ್ದಿದ್ರೂ, ಯಾರಿದ್ರೂ ಹೇಳಿ."

ಇಸ್ತ್ರಿ ಅಮ್ಮನಿಗೆ ಮನವರಿಕೆಯಾಯಿತೆಂದರೆ ಮುಗಿಯಿತು. ಬಟ್ಟೆ ಅದಲುಬದಲಾಗದಿರಲು ಹೊಲಿಯುವ ಬಿಳಿ ಪಟ್ಟಿಗಳ ಮೇಲೆ, ಒಗೆದರೂ ಹೋಗದ ಶಾಯಿಯಲ್ಲಿ ಬರೆದರು: "ಬಿ ಸ್ಟ್ರೆಪ್ ಇದೆ. ಬೇಗ ಮದ್ದು ಹಾಕಿ." ಸೊಸೆಯ ಶಾಲಿಗೆ ಒಂದು, ಆಸ್ಪತ್ರೆ ಚೀಲಕ್ಕೆ ಒಂದು, ಮಗನ ಅಂಗಿಗಳ ಕಾಲರಿನ ಹಿಂಬದಿಗೆಲ್ಲ ಒಂದೊಂದು ಹೊಲಿದರು.

"ಅಮ್ಮ, ಹೆರೋದು ನಾನಾ?"

"ಇರ್ಲಿ ಬಿಡೋ. ನಿನ್ನ ಬಾಯಿ ಬೇಕಾದ್ದು ಬಿಟ್ಟು ಬೇರೆಲ್ಲ ಹೇಳುತ್ತೆ."

ಒಂದು ಬೆಳಗ್ಗೆ, ಗಂಡನೊಂದಿಗೆ ಚಾದರ ಮಡಚುತ್ತಿದ್ದ ಸೊಸೆ "ಅತ್ತೆ, ನೀರು ಒಡೀತು" ಎಂದಳು. ಇಸ್ತ್ರಿ ಅಮ್ಮ ಅರ್ಧ ಅಂಗಿಗೇ ಇಸ್ತ್ರಿ ಆರಿಸಿದರು. ಆ ಅಂಗಡಿಯಲ್ಲಿ ಅದು ಹಿಂದೆಂದೂ ಆಗಿರಲಿಲ್ಲ. ಆಸ್ಪತ್ರೆ ತಲುಪಿದಾಗ ಮಗ ಹೆಂಡತಿಯ ಕೈ ಹಿಡಿದು ಮುಂದೆ ನಡೆದ. ಇಸ್ತ್ರಿ ಅಮ್ಮ ಚೀಲ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ನೋಡುತ್ತಾರೆ: ಪರಿಚಯದ ನರ್ಸು ಇಲ್ಲ, ಯಾರೋ ಹೊಸ ಡಾಕ್ಟರಮ್ಮ. ಸೊಸೆ ನೋವಿಗೆ ಹಲ್ಲು ಕಚ್ಚಿದ್ದಾಳೆ. ಮಗ ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ರೇಡಿಯೊ ಕೆಟ್ಟು ನಿಂತಿದೆ! ಕೊನೆಗೆ ಅವನು ಡಾಕ್ಟರಮ್ಮನಿಗೆ ಬೆನ್ನು ತಿರುಗಿಸಿ, ಕಾಲರಿಗೆ ಬೆರಳು ತೋರಿಸಿದ.

ಡಾಕ್ಟರಮ್ಮ ಓದಿದರು, ನಕ್ಕರು, ಮರುಗಳಿಗೆ ಕೂಗಿದರು: "ಸಿಸ್ಟರ್, ಡ್ರಿಪ್! ಪೆನಿಸಿಲಿನ್ ಆಗಲ್ವೇನಮ್ಮ ನಿನಗೆ? ಅಲರ್ಜಿ ಏನಾದ್ರೂ?" ಸೊಸೆ ಅಲರ್ಜಿ ಏನೂ ಇಲ್ಲವೆಂದು ತಲೆಯಾಡಿಸಿದಳು.

ಮದ್ದು ಹನಿಹನಿಯಾಗಿ ಇಳಿಯಿತು. ಜೀವಮಾನವಿಡೀ ಎಲ್ಲರನ್ನೂ ಬೇಗ ಬೇಗ ಎಂದು ಅಟ್ಟಿದ್ದ ಇಸ್ತ್ರಿ ಅಮ್ಮ, ಬಾಗಿಲ ಹೊರಗೆ ಕಣ್ಣು ಮುಚ್ಚಿ ಕೂತು, ತಮ್ಮ ಪದ್ಯವನ್ನು ಎಂದೂ ಇಲ್ಲದಷ್ಟು ನಿಧಾನವಾಗಿ ಹೇಳಿಕೊಂಡರು. ನಡುನಡುವೆ ಮೆಲ್ಲಗೆ ಬೇಡಿದರು: "ಅವಸರ ಬೇಡ ಕಂದ, ನಿಧಾನ ಬಾ. ಗಂಜಿ ಹಿಡೀಲಿ."

ಮಗು ಅಜ್ಜಿಯ ಮಾತು ಕೇಳಿತು. ಬಿಸಿಲು ಇಳಿಯುವ ಹೊತ್ತಿಗೆ ಹುಟ್ಟಿ, ವಾರ್ಡಿಗೆ ವಾರ್ಡೇ ತಿರುಗಿ ನೋಡುವಂತೆ ಕಿರುಚಿತು.

"ರೇಡಿಯೊ ಮಗಳೇ, ಅನುಮಾನವೇ ಬೇಡ!" ಎಂದರು ಅಜ್ಜಿ. ರೇಡಿಯೊಗೂ ಆಗ ದನಿ ಮರಳಿತು. ಬಳಿಕ ಯಾರಿಂದಲೂ ನಿಲ್ಲಿಸಲಾಗಲಿಲ್ಲ.

ಮನೆಗೆ ಹೊರಡುವ ದಿನ ನರ್ಸು ಮಗುವನ್ನು ಮುದ್ದಿಸಿ ಹೇಳಿದಳು: "ಎದೆಹಾಲು ಧಾರಾಳವಾಗಿ ಕೊಡು ತಂಗಿ. ಆದ್ರೆ ಮೊದಲ ಮೂರು ತಿಂಗಳು ಕಣ್ಣಿಟ್ಟಿರಿ. ಮೊಲೆ ಹಿಡೀದಿದ್ರೆ, ಏದುಸಿರು ಬಿಟ್ರೆ, ನರಳಿದ್ರೆ, ಮೈ ಕಾದ್ರೆ ಇಲ್ಲಾ ತಣ್ಣಗಾದ್ರೆ, ಎಬ್ಬಿಸಿದ್ರೂ ಏಳದೆ ಬಟ್ಟೆ ಥರ ಜೋತುಬಿದ್ರೆ, ತಕ್ಷಣ ಓಡಿ ಬನ್ನಿ. ಮದ್ದು ಹಾಕಿದ್ವಲ್ಲ ಅಂತ ಸುಮ್ನಿರಬೇಡಿ."

ಮನೆಗೆ ಬಂದು, ಅಂಗಡಿಯ ಅತಿ ಬಿಳಿಯ ಚಾದರದ ಮೇಲೆ ಮಲಗಿಸಿದ ಕೂಡಲೇ ಮೊಮ್ಮಗಳು ಅದರ ನಡುಮಧ್ಯೆ ದೊಡ್ಡದೊಂದು ಕಲೆ ಮಾಡಿದಳು. ಸೊಸೆ ಗಾಬರಿಯಿಂದ ಎತ್ತಲು ಹೋದಳು.

"ಇರ್ಲಿ ಬಿಡಮ್ಮ," ಎಂದರು ಇಸ್ತ್ರಿ ಅಮ್ಮ, ಮಗುವಿನ ಪಾದಕ್ಕೆ ಕೆನ್ನೆಯಾನಿಸಿ. "ಈ ಒಂದು ಕಲೆ ಕೂತ್ಕೊಂಡ್ರೂ ಚಿಂತೆಯಿಲ್ಲ."

ಇದನ್ನು ಓದುತ್ತಿರುವ ತಾಯಂದಿರೇ, ಓದಿಸಿ ಕೇಳುತ್ತಿರುವ ಅತ್ತೆಯಂದಿರೇ, ಗಂಡಂದಿರೇ! ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ, ಒಂಬತ್ತನೇ ತಿಂಗಳು ಹತ್ತಿರವಾದಾಗ ಬಿ ಸ್ಟ್ರೆಪ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಮೂತ್ರದ ಸೋಂಕು ಕಂಡಿದ್ದರೆ, ಹಿಂದಿನ ಮಗುವಿಗೆ ಈ ತೊಂದರೆ ಆಗಿದ್ದರೆ, ಯಾವುದಾದರೂ ಮದ್ದು ಮೈಗೆ ಒಗ್ಗದಿದ್ದರೆ, ಮುಚ್ಚಿಡದೆ ಹೇಳಿ. ರೋಗಾಣು ಇದೆಯೆಂದು ಬಂದರೆ ನಾಚಬೇಡಿ, ಸೊಸೆಯನ್ನು ದೂರಬೇಡಿ, ಮನೆಯ ಮಾತ್ರೆ ನುಂಗಿಸಬೇಡಿ. ನೋವು ಬಂದೊಡನೆ, ಇಲ್ಲವೇ ನೀರು ಒಡೆದೊಡನೆ ಹೊರಡಿ, ಎದುರು ಸಿಕ್ಕ ಮೊದಲ ನರ್ಸಿಗೇ ಹೇಳಿ. ಬಾಯಿ ಕಟ್ಟೀತೆಂಬ ಅಂಜಿಕೆಯಿದ್ದರೆ, ಕಾಲರಿಗೆ ಒಂದು ಪಟ್ಟಿ ಹೊಲಿದುಕೊಳ್ಳಿ!