ಉಳಿದ ಮೂರು ಮೈದಾನಗಳು

ಕಣ್ಣಿನ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಹೋಗಿರೋ ನೋಟ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ನೋಡೋಣ," ಎಂದರು. ನಲವತ್ತು ವರ್ಷ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡಿದ ಅಣ್ಣ ತಲೆಯಾಡಿಸಿದ. ಪಕ್ಕದಲ್ಲಿ ಕೂತಿದ್ದ ತಂಗಿ ಔಷಧಿಯ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವನು ಆಡಿದ ಮೊದಲ ಮಾತು ಇದು: "ಇನ್ನೂ ಮೂರು ಮೈದಾನ ಉಳಿದುಹೋಯ್ತಲ್ಲೇ."

ಮೈದಾನ ಅಂದರೆ ಕುದುರೆ ಓಟದ ಮೈದಾನ. ದೇಶದಲ್ಲಿ ಅಂಥವು ಒಂಬತ್ತಿದ್ದವು, ಅವನು ಆರನ್ನು ನೋಡಿದ್ದ. ಒಮ್ಮೆಯೂ ಪಂದ್ಯ ಕಟ್ಟಿದವನಲ್ಲ. ಮೈದಾನದಂಚಿನ ಕಂಬಿಗೆ ಒರಗಿ ಕುದುರೆ ನೋಡುವುದು, ಮನೆಗೆ ಬಂದು ಯಾವ ಮೈದಾನದ ತಿರುವು ಹೇಗಿತ್ತು, ಹುಲ್ಲು ಹೇಗಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು, ಇಷ್ಟೇ ಅವನ ಚಟ. ಆದರೆ ಬೀದಿಯ ಬಾಯಿ ಮುಚ್ಚಿಸುವವರು ಯಾರು? 'ರೇಸಪ್ಪ' ಎಂದು ಹೆಸರಿಟ್ಟುಬಿಟ್ಟಿದ್ದರು. ಆ ಹೆಸರು ಕೇಳಿದಾಗಲೆಲ್ಲ ತಂಗಿಗೆ ಮೈ ಉರಿಯುತ್ತಿತ್ತು. ಬೀದಿಯ ಮೇಲೂ ಸಿಟ್ಟು, ಅಣ್ಣನ ಮೇಲೂ ಸಿಟ್ಟು.

ಅವಳದು ಅದೇ ಬೀದಿಯಲ್ಲಿ ಎರಡು ಮಿಷನ್ನಿನ ಹೊಲಿಗೆ ಅಂಗಡಿ. ಐವತ್ತೆರಡು ವರ್ಷ, ಮದುವೆಯಾಗಿಲ್ಲ, ವಾಸ ಅಣ್ಣನ ಮನೆಯ ಮಹಡಿಯಲ್ಲಿ. ಆ ಸಂಜೆ ಅವಳು ಕತ್ತರಿ ಕೆಳಗಿಟ್ಟು ಅತ್ತಿಗೆಯ ಹತ್ತಿರ ಹೋದಳು.

"ಅತ್ತಿಗೆ, ಅಣ್ಣನ್ನ ಆ ಮೂರು ಕಡೆ ಕರ್ಕೊಂಡು ಹೋಗಿ ಬರಬಾರದಾ?"

"ಕುದುರೆ ಕಂಡ್ರೆ ಕಾಲುನೋವು ಅಂತ ಗಾದೆ ಇದೆ. ನನಗೆ ಕುದುರೆ ಕಾಣದೇನೇ ಕಾಲುನೋವು," ಎಂದು ಅತ್ತಿಗೆ ಮಂಡಿ ತಿಕ್ಕಿಕೊಂಡಳು. "ನೀನೇ ಹೋಗಮ್ಮ. ನಿನ್ನ ಬಿಟ್ರೆ ಅವರಿಗೆ ಯಾರಿದ್ದಾರೆ?"

ಹೀಗೆ ರೇಸು ಕಂಡರೆ ಮೂಗು ಮುರಿಯುತ್ತಿದ್ದ ತಂಗಿ ಅಣ್ಣನ ಕೈ ಹಿಡಿದು ರೈಲು ಹತ್ತಿದಳು.

ಮೊದಲನೆಯದು ಸಮುದ್ರದ ಪಕ್ಕದ ಮೈದಾನ. ಗಾಳಿಗೆ ಧ್ವಜಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಓಟಕ್ಕೆ ಮುಂಚೆ ಕುದುರೆಗಳನ್ನು ಬೇಲಿಯೊಳಗೆ ಸುತ್ತಾಡಿಸುತ್ತಾರೆ. ಅಣ್ಣ ಬೇಲಿಗೆ ಎದೆ ಆನಿಸಿ ನಿಂತ. ಅವನಿಗೆ ಕಾಣುತ್ತಿದ್ದದ್ದು ಅಲ್ಲಾಡುವ ಮಬ್ಬು ಮಾತ್ರ.

"ಹೇಳು, ಏನು ಕಾಣ್ತಿದೆ?"

"ಒಂದು ಕಂದು ಕುದುರೆ."

"ಆಮೇಲೆ?"

"ಇನ್ನೊಂದು ಕಂದು ಕುದುರೆ."

"ಆಮೇಲೆ?"

"ಅದೂ ಕಂದೇ, ಅಣ್ಣ. ನಾನೇನು ಮಾಡ್ಲಿ?"

ಅವನು ನಕ್ಕ, ಆದರೆ ಮುಖ ಸಣ್ಣಗಾಯಿತು. ಅವಳಿಗೆ ರೇಗಿತು. "ಮೈಕಿನಲ್ಲಿ ಅವನು ಒಂದೇ ಸಮನೆ ಒದರ್ತಾನಲ್ಲ, ಅದು ಸಾಲದಾ?"

"ಯಾರು ಮುಂದೆ, ಯಾರು ಹಿಂದೆ ಅಂತ ಅವನು ಹೇಳ್ತಾನೆ ಕಣೇ. ಕುದುರೆ ಹೇಗಿದೆ ಅಂತ ಹೇಳಲ್ಲ. ನೀನು ಗಿರಾಕಿ ಬಂದ್ರೆ ಟೇಪು ತೆಗೆಯೋಕೆ ಮುಂಚೇನೇ ಅಳತೆ ಹೇಳ್ತೀಯಲ್ಲ. ಹಾಗೆ ನೋಡು."

ಆ ಮಾತು ಅವಳಿಗೆ ನಾಟಿತು. ಎರಡನೆಯ ಮೈದಾನ ಗುಡ್ಡದ ಮೇಲಿತ್ತು, ನೆಲ ಒಂದು ಕಡೆಗೆ ಇಳಿಜಾರು. ಅಲ್ಲಿ ಅವಳು ಕುದುರೆಗಳನ್ನು ಗಿರಾಕಿಗಳಂತೆಯೇ ನೋಡಿದಳು. ಮೂರನೇ ನಂಬರಿನ ಕುದುರೆಗೆ ಎದೆ ಅಗಲ, ಸೊಂಟ ಸಣ್ಣ. ಐದರದ್ದು ಕತ್ತು ಉದ್ದ, ಆದರೆ ಒಂದು ಹೆಗಲು ಕೊಂಚ ಇಳಿದಿದೆ. ಅದರ ಮೇಲೆ ಕೂತ ಜಾಕಿಯ ಅಂಗಿ ಪಾರಿವಾಳದ ಕತ್ತಿನ ಬಣ್ಣ, ತೋಳಿಗೆ ಹಳದಿ ಪಟ್ಟಿ, ಪಟ್ಟಿಯ ಹೊಲಿಗೆ ಮಾತ್ರ ದರಿದ್ರ. ಅವಳು ಹೇಳುತ್ತ ಹೋದಂತೆ ಅಣ್ಣನ ಬೆರಳುಗಳು ಕಂಬಿಯ ಮೇಲೆ ತಾಳ ಹಾಕತೊಡಗಿದವು. ಓಟ ಮುಗಿದಾಗ ಅವನು, "ಇವತ್ತು ನಾನು ನೋಡ್ದೆ ಕಣೇ," ಎಂದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಿಸಿಲನ್ನು ಬೈದಳು.

ಮೂರನೆಯದಕ್ಕೆ ಹೋದದ್ದು ತಿಂಗಳ ನಂತರ. ಬಯಲು ನಾಡಿನ ದೊಡ್ಡ ಮೈದಾನ, ಕಾಲಿಡಲು ಜಾಗವಿಲ್ಲದಷ್ಟು ಜನ. ನಾಲ್ಕನೇ ಓಟಕ್ಕೆ ಎಲ್ಲರ ಬಾಯಲ್ಲೂ ಏಳನೇ ನಂಬರಿನ ಹೆಣ್ಣುಕುದುರೆಯದೇ ಮಾತು. ತಂಗಿ ಅದನ್ನು ನೋಡಿದಳು. ಇನ್ನೊಂದು ಸುತ್ತು ಬರಲಿ ಎಂದು ಕಾದು ಮತ್ತೆ ನೋಡಿದಳು.

"ಅಣ್ಣ, ಇದು ಬಲಗಡೆಯ ಹಿಂಗಾಲು ಊರೋದು ಕೂದಲೆಳೆಯಷ್ಟು ತಡ. ಊರಿದ ಕೂಡಲೇ ಎತ್ತಿಬಿಡ್ತದೆ."

ಅಣ್ಣ ನೆಟ್ಟಗಾದ. "ತಲೆ? ಆ ಕಾಲು ಊರುವಾಗ ತಲೆ ತಗ್ಗಿಸುತ್ತಾ?"

"ಹೂಂ, ಒಂಚೂರು. ಪ್ರತಿ ಸಲವೂ."

"ಎಲ್ಲಿ, ಕುದುರೆ ಡಾಕ್ಟರು ಎಲ್ಲಿದ್ದಾರೆ? ನಡಿ. ಈ ಕಾಲಲ್ಲಿ ಓಡಿದ್ರೆ ಮೂಳೆ ಮುರಿದುಕೊಳ್ತದೆ."

ನೂರಾರು ಜನರ ಮುಂದೆ ಹೋಗಿ ಮಾತಾಡಬೇಕಲ್ಲ ಎಂದು ಅವಳು ಹಿಂಜರಿದಳು. ತಪ್ಪಾಗಿದ್ದರೆ? ನಾನೊಬ್ಬಳು ಲಂಗ, ರವಿಕೆ ಹೊಲಿಯುವವಳು, ಕುದುರೆಯ ಗಂಧಗಾಳಿ ಗೊತ್ತಿಲ್ಲದವಳು. ಆದರೆ ಅಷ್ಟರಲ್ಲಿ ಕುದುರೆ ಮತ್ತೊಂದು ಸುತ್ತು ಬಂತು, ಮತ್ತೆ ಹಾಗೆಯೇ ಕಾಲೆತ್ತಿತು. ಅವಳು ಅಣ್ಣನ ಕೈ ಹಿಡಿದು ಜನರನ್ನು ಸರಿಸುತ್ತ ನುಗ್ಗಿದಳು.

ಕುದುರೆ ಡಾಕ್ಟರು ಕೇಳಿಸಿಕೊಂಡರು. ಕುದುರೆಯನ್ನು ಪಳಗಿಸಿದ ಹೆಂಗಸು ಮಾತ್ರ ಕೆಂಡವಾದಳು. "ಬೆಳಿಗ್ಗೆ ಎಲ್ಲ ಸರಿಯಾಗಿತ್ತು. ಯಾರ್ರೀ ನೀವು?"

"ಟೈಲರು," ಎಂದಳು ತಂಗಿ.

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅವಳು ಕದಲಲಿಲ್ಲ. "ಕಾಲನ್ನ ಒಂದ್ಸಲ ಮುಟ್ಟಿ ನೋಡಿ. ಏನೂ ಇಲ್ಲದಿದ್ರೆ ನಾನು ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ."

ಡಾಕ್ಟರು ಬಗ್ಗಿ ಗಿಣ್ಣಿನ ಸುತ್ತ ಅಂಗೈ ಇಟ್ಟರು. ಎಡಗಾಲನ್ನು ಮುಟ್ಟಿ ಮತ್ತೆ ಬಲಗಾಲಿಗೆ ಬಂದರು, ಮೆಲ್ಲಗೆ ಅದುಮಿದರು. ಕುದುರೆ ಬೆಚ್ಚಿ ಕಾಲು ಕಿತ್ತುಕೊಂಡಿತು. "ಒಳಗೆ ಬಿಸಿ ಇದೆ," ಎಂದರು ಡಾಕ್ಟರು. "ಇವತ್ತು ಇದು ಓಡೋ ಹಾಗಿಲ್ಲ."

ಏಳನೇ ನಂಬರು ಓಡುವುದಿಲ್ಲ ಎಂದು ಮೈಕಿನಲ್ಲಿ ಸಾರಿದಾಗ ಇಡೀ ಮೈದಾನ ಹೋ ಎಂದು ಕೂಗಿತು. ಅಣ್ಣ ತಂಗಿ ಬಾಯಿ ಹೊಲಿದುಕೊಂಡು ಮೂಲೆಯಲ್ಲಿ ನಿಂತರು. ಸಂಜೆ ಅವರು ಹೊರಡುವ ಹೊತ್ತಿಗೆ ಪಳಗಿಸುವ ಹೆಂಗಸು ಏದುಸಿರು ಬಿಡುತ್ತ ಹುಡುಕಿಕೊಂಡು ಬಂದಳು. "ಎಕ್ಸ್‌ರೇ ತೆಗೆಸಿದ್ವಿ. ಮೂಳೆಯಲ್ಲಿ ಸಣ್ಣ ಬಿರುಕು. ಓಡಿದ್ದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿ, "ಬನ್ನಿ, ಅದನ್ನ ಮಾತಾಡ್ಸಿ ಹೋಗಿ," ಎಂದಳು.

ಲಾಯದಲ್ಲಿ ಒಣಹುಲ್ಲಿನ ಘಮ, ಬೆವರಿನ ವಾಸನೆ. ಇಷ್ಟು ವರ್ಷ ಕಂಬಿಯಾಚೆ ನಿಂತು ನೋಡಿದವನು ಮೊದಲ ಸಲ ಕುದುರೆಯ ಕತ್ತಿನ ಮೇಲೆ ಅಂಗೈ ಇಟ್ಟ. ಚರ್ಮದಡಿಯಲ್ಲಿ ಏನೋ ಮಿಡಿಯುತ್ತಿತ್ತು. ತುಂಬ ಹೊತ್ತು ಅವನು ಕೈ ತೆಗೆಯಲಿಲ್ಲ.

ವಾಪಸಿನ ರೈಲಿನಲ್ಲಿ ಅವನು ನಿಟ್ಟುಸಿರುಬಿಟ್ಟ. "ಒಂಬತ್ತೂ ಆಯ್ತು. ಇನ್ನೇನು, ಮನೇಲಿ ಕೂತ್ಕೊಳ್ಳೋದೇ."

"ಒಂಬತ್ತು ಆಗಿರೋದು ನಿನಗೆ. ನಾನು ಮೂರೇ ನೋಡಿರೋದು. ಮಿಕ್ಕಿದ್ದಕ್ಕೆ ಯಾರು ಕರ್ಕೊಂಡು ಹೋಗ್ತಾರೆ?" ಎಂದಳು ತಂಗಿ. "ಮನೆಗೆ ಹೋದ್ಮೇಲೆ ನೋಟ್‌ಬುಕ್ ತಗೊಂಡ್ಬಾ. ನೀನು ಹೇಳು, ನಾನು ಬರೀತೀನಿ."

ಅವನು ಅವಳ ತಲೆಯನ್ನು ತಟ್ಟಿದ, ಚಿಕ್ಕಂದಿನಲ್ಲಿ ತಟ್ಟುತ್ತಿದ್ದಂತೆ.

ಕುದುರೆಗೆ ವಾಸಿಯಾಗಲು ಎಂಟು ತಿಂಗಳು ಹಿಡಿಯಿತು. ಅದು ಮತ್ತೆ ಓಡಿದ ದಿನ ಇಬ್ಬರೂ ಕಂಬಿಯ ಪಕ್ಕದಲ್ಲೇ ಇದ್ದರು. ಗೆಲ್ಲಲಿಲ್ಲ, ಮೂರನೆಯದಾಗಿ ಬಂತು. ಆದರೆ ಕೊನೆಯ ತಿರುವಿನಿಂದ ಗುರಿಗೆರೆಯವರೆಗೆ ನಾಲ್ಕು ಕಾಲೂ ಒಂದೇ ಸಮನೆ ಊರುತ್ತ ಬಂದದ್ದನ್ನು ತಂಗಿ ಹೆಜ್ಜೆ ಹೆಜ್ಜೆಗೂ ಕೂಗಿ ಕೂಗಿ ಹೇಳಿದಳು. ಅವಳ ಗಂಟಲು ಪೂರ್ತಿ ಬಿದ್ದುಹೋಗಿ, ಎರಡು ದಿನ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಕೈಸನ್ನೆಯಲ್ಲೇ ಮಾತಾಡಬೇಕಾಯಿತು.